ತಮಟೆ ಏಟು ಬೆನ್ನ ಹಿಂದಿನಿಂದ ಬರಬೇಕಾ? ಆಡಿಯೋ ಲೈಬ್ರರಿಗೆ ಸರೌಂಡ್ ಸೇರಿಸುವುದು ಹೀಗೆ

ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಊರಹಬ್ಬಗಳಲ್ಲಿ ತಮಟೆಯನ್ನು ಯಾರೂ ಎದುರಿಗೆ ಕುರ್ಚಿ ಹಾಕಿಕೊಂಡು ಕೇಳುವುದಿಲ್ಲ. ಬಡಿಯುವವರ ನಡುವೆಯೇ ನಾವು ಸಿಕ್ಕಿಕೊಂಡಿರುತ್ತೇವೆ. ಒಂದು ಏಟು ಎಡಗಿವಿಯ ಪಕ್ಕದಿಂದ ಬಂದರೆ, ಅದಕ್ಕೆ ಉತ್ತರ ಬೆನ್ನ ಹಿಂದಿನಿಂದ ಬರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ ಇದು. ಆದರೆ ಮೊಬೈಲಿನಲ್ಲಿ ಹಿಡಿದು ಮನೆಯಲ್ಲಿ ಹಾಕಿದರೆ ಆ ಸುತ್ತುವರಿದ ಸದ್ದೆಲ್ಲ ಮುಂದಿನ ಎರಡು ಸ್ಪೀಕರ್ ಮಧ್ಯೆ ಗುಂಪುಗೂಡಿ ನಿಂತುಬಿಡುತ್ತದೆ.

ಒಂದೊಂದು ತಮಟೆಯನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು, ಪ್ರೋಗ್ರಾಂ ಬರೆದು ಕೇಳುಗರ ಸುತ್ತ ನಿಲ್ಲಿಸಬಹುದು. ಅದಕ್ಕೆ ಸರೌಂಡ್, ಅಂದರೆ ಸುತ್ತಲೂ ಸ್ಪೀಕರ್ ಇಟ್ಟು ನುಡಿಸುವ ವ್ಯವಸ್ಥೆ, ಬೇಕು. ನಿಮಗೆ ರೂಢಿಯಾಗಿರುವ ಓಪನ್ ಸೋರ್ಸ್ ಆಡಿಯೋ ಲೈಬ್ರರಿಗೆ ಎಡ-ಬಲ ಬಿಟ್ಟು ಬೇರೇನೂ ಗೊತ್ತಿಲ್ಲದಿದ್ದರೆ ಬೇಜಾರು ಬೇಡ. ಕೋಡ್ ಕೈಯಲ್ಲೇ ಇದೆ, ನೀವೇ ಸೇರಿಸಬಹುದು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ದುಡ್ಡು ಕೊಟ್ಟು ರೆಡಿಮೇಡ್ ಕೋಡ್ ತರುವುದಕ್ಕಿಂತ ಇದು ನೂರು ಪಾಲು ಮೇಲು. ಸಿ ಭಾಷೆ ಮತ್ತು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಸ್ವಲ್ಪ ಬಂದರೆ ಸಾಕು.

ಇದರಲ್ಲಿ ಗಣಿತ ಕಷ್ಟ ಇರಬಹುದು ಅಂತ ಎಲ್ಲರೂ ಹೆದರುತ್ತಾರೆ. ಗಣಿತ ಒಂದು ಪುಟದಲ್ಲಿ ಮುಗಿಯುತ್ತದೆ. ಯಾವ ಚಾನೆಲ್ (ಒಂದು ಸ್ಪೀಕರಿಗೆಂದು ಇಟ್ಟ ಸದ್ದಿನ ಎಳೆ) ಯಾವ ಸ್ಪೀಕರಿನದು ಎಂಬ ಮಾಹಿತಿ ಫೈಲಿನಿಂದ ಸ್ಪೀಕರ್‌ವರೆಗೆ ಎಲ್ಲೂ ಕಳೆದುಹೋಗದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ.

ಮೊದಲು ಕೋಡ್ ಓದಿ

ಲೈಬ್ರರಿಯ ಕೋಡ್ ತೆರೆದು 2 ಎಂಬ ಅಂಕಿಯನ್ನು ಹುಡುಕಿ. ತಮಾಷೆಯಲ್ಲ. ಸ್ಟೀರಿಯೋ ಒಂದೇ ಪ್ರಪಂಚ ಎಂದುಕೊಂಡು ಬರೆದ ಕೋಡಿನಲ್ಲಿ 'ಚಾನೆಲ್ ಸಂಖ್ಯೆ' ಎಂದು ಬರೆಯಬೇಕಾದ ಕಡೆಯೆಲ್ಲ ಸುಮ್ನೆ 2 ಅಂತ ಬರೆದಿರುತ್ತಾರೆ. ಎಡ, ಬಲ ಎಂಬ ಎರಡೇ ಭಾಗ ಇರುವ ಸ್ಟ್ರಕ್ಟ್‌ಗಳು ಸಿಗುತ್ತವೆ. ಸದ್ದಿನ ಜಾಗವನ್ನು ಮೈನಸ್ 1ರಿಂದ ಪ್ಲಸ್ 1ರವರೆಗಿನ ಒಂದೇ ಸಂಖ್ಯೆಯಲ್ಲಿ ಹೇಳುವ ಫಂಕ್ಷನ್ ಇರುತ್ತದೆ. ಆ ಒಂದು ಸಂಖ್ಯೆಯಲ್ಲಿ 'ಹಿಂದೆ' ಎಂದು ಹೇಳಲು ಜಾಗವೇ ಇಲ್ಲ, ಅಲ್ವಾ? ಇವೆಲ್ಲವನ್ನೂ ಪಟ್ಟಿ ಮಾಡಿ. ಆ ಪಟ್ಟಿ ಹಿಡಿದುಕೊಂಡು ಲೈಬ್ರರಿ ನೋಡಿಕೊಳ್ಳುವವರಿಗೆ ಒಂದು ಇಶ್ಯೂ (ಪ್ರಾಜೆಕ್ಟ್ ಪುಟದಲ್ಲಿ ಚರ್ಚೆಗೆ ಹಾಕುವ ಟಿಪ್ಪಣಿ) ಬರೆದು, ಏನು ಮಾಡಬೇಕೆಂದಿದ್ದೀರಿ ಎಂದು ತಿಳಿಸಿ. ಕೆಲಸವೆಲ್ಲ ಮುಗಿಸಿ ಕೊನೆಗೆ ಹೇಳಿದರೆ, ಅವರು ಬೇರೆ ದಾರಿ ಯೋಚಿಸಿದ್ದಾಗ ನಿಮ್ಮ ಶ್ರಮ ವ್ಯರ್ಥ.

ಚಾನೆಲ್‌ಗೆ ಹೆಸರು ಕೊಡಿ

ಮನೆಯ ಸರೌಂಡಿನ ಸಾಮಾನ್ಯ ಜೋಡಣೆಯಾದ 5.1ರಲ್ಲಿ ಆರು ಚಾನೆಲ್. ಮುಂದೆ ಎಡ, ಬಲ, ನಡುವೆ ಸೆಂಟರ್, ಹಿಂದೆ ಎಡ, ಬಲ. ಆರನೆಯದು ಎಲ್‌ಎಫ್‌ಇ, ಅಂದರೆ 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿನಂಥ ಸದ್ದಿಗೆ ಮೀಸಲಾದ ಚಾನೆಲ್. ಆ '.1' ಇದೇ.

ಆರು ಚಾನೆಲ್ ಎಂಬುದರಲ್ಲಿ ಜಗಳವಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ವೇವ್ (WAV) ಮತ್ತು ಫ್ಲಾಕ್ (FLAC) ಬಗೆಯ ಆಡಿಯೋ ಫೈಲಿನಲ್ಲಿ ಮುಂದಿನ ಎಡ, ಮುಂದಿನ ಬಲ, ಸೆಂಟರ್, ಎಲ್‌ಎಫ್‌ಇ, ಹಿಂದಿನ ಎಡ, ಹಿಂದಿನ ಬಲ. ಆಗ್ ವೋರ್ಬಿಸ್‌ನಲ್ಲಿ ಎಡ, ಸೆಂಟರ್, ಬಲ, ಹಿಂದಿನ ಎಡ, ಹಿಂದಿನ ಬಲ, ಕೊನೆಗೆ ಎಲ್‌ಎಫ್‌ಇ. ಎಎಸಿ (AAC) ಬಗೆಯಲ್ಲಿ ಸೆಂಟರೇ ಮೊದಲು. ಲಿನಕ್ಸಿನಲ್ಲಿ ಸದ್ದನ್ನು ಸಾಧನಕ್ಕೆ ತಲುಪಿಸುವ ಆಲ್ಸಾ (ALSA) ಹಳೆಯ ರೂಢಿಯಂತೆ ಮುಂದಿನ ಎರಡು, ಹಿಂದಿನ ಎರಡು, ಆಮೇಲೆ ಸೆಂಟರ್, ಎಲ್‌ಎಫ್‌ಇ ಎಂದು ಜೋಡಿಸುತ್ತದೆ. ಅಡುಗೆಮನೆಯಲ್ಲಿ ಒಂದೇ ಥರದ ಆರು ಡಬ್ಬ ಇಟ್ಟು, ಮೇಲೆ ಚೀಟಿ ಅಂಟಿಸದೆ, ಒಬ್ಬೊಬ್ಬ ಸೊಸೆ ಒಂದೊಂದು ಸಾಲಿನಲ್ಲಿ ಜೋಡಿಸಿದ ಹಾಗೆ.

ಇದರ ಪರಿಣಾಮ ನೋಡಿ. ವೇವ್ ಫೈಲಿನ ಆರು ಚಾನೆಲ್‌ಗಳನ್ನು ಹಾಗೆಯೇ ಆಲ್ಸಾಗೆ ಸುರಿದರೆ, ಮೂರನೆಯದಾದ ಸೆಂಟರ್ ಹಿಂದಿನ ಎಡ ಸ್ಪೀಕರಿಗೆ ಹೋಗುತ್ತದೆ. ಮಾತಾಡುವವನು ಎದುರಿಗಿದ್ದರೂ ಮಾತು ಬೆನ್ನ ಹಿಂದಿನಿಂದ. ಹಿಂದಿನ ಬಲದ ಚಾನೆಲ್ ಸಬ್‌ವೂಫರಿಗೆ ಬೀಳುತ್ತದೆ. ಸಬ್‌ವೂಫರ್ ಮೇಲಿನ ಸ್ವರಗಳನ್ನು ನುಡಿಸುವುದೇ ಇಲ್ಲವಾದ್ದರಿಂದ ಅಲ್ಲಿದ್ದ ತಮಟೆಯ ಚುರುಕು ಏಟು ಮಾಯ. ಪ್ರೋಗ್ರಾಂ ಎಲ್ಲೂ ಎರರ್ ತೋರಿಸುವುದಿಲ್ಲ. ಅದೇ ಇದರ ತೊಂದರೆ.

ಹಾಗಾಗಿ ಚಾನೆಲ್ ಮ್ಯಾಪ್ ಎಂಬ ಒಂದು ಹೊಸ ಟೈಪ್ ಬರೆಯಿರಿ. ಅದರಲ್ಲಿ ಚಾನೆಲ್ ಎಷ್ಟು ಎಂಬ ಸಂಖ್ಯೆ, ಜೊತೆಗೆ ಪ್ರತಿ ಸ್ಥಾನದಲ್ಲಿ ಯಾವ ಸ್ಪೀಕರ್ ಎಂಬ ಹೆಸರು. ಲೈಬ್ರರಿಯ ಒಳಗೆ ಒಂದೇ ಕ್ರಮ ಇಟ್ಟುಕೊಳ್ಳಿ. ವೇವ್ ಕ್ರಮವೇ ಒಳ್ಳೆಯದು, ಹೆಚ್ಚು ಜನಕ್ಕೆ ಗೊತ್ತಿರುವುದು ಅದು. ಫೈಲ್ ಓದುವಾಗ ಒಳಗಿನ ಕ್ರಮಕ್ಕೆ ತಿರುಗಿಸಿ, ಸ್ಪೀಕರಿಗೆ ಕಳಿಸುವಾಗ ಆ ಸಾಧನದ ಕ್ರಮಕ್ಕೆ ತಿರುಗಿಸಿ. ನಡುವೆ ಎಲ್ಲೂ ಊಹೆ ಬೇಡ. ವೇವ್ ಫೈಲಿನ ಹೆಡರಿನಲ್ಲೇ ಚಾನೆಲ್ ಮಾಸ್ಕ್ ಎಂಬ ಸಂಖ್ಯೆ ಇರುತ್ತದೆ, ಒಂದೊಂದು ಬಿಟ್‌ಗೆ ಒಂದೊಂದು ಸ್ಪೀಕರ್. ಅದನ್ನು ಓದಿ. ಆಲ್ಸಾದಲ್ಲೂ ಸಾಧನದ ಚಾನೆಲ್ ಮ್ಯಾಪ್ ಕೇಳುವ ಫಂಕ್ಷನ್ ಇದೆ. ಇದನ್ನು ಚೆನ್ನಾಗಿ ಮಾಡಿದ ಕೋಡ್ ನೋಡಬೇಕೆಂದರೆ ಮಿನಿಆಡಿಯೋ ಲೈಬ್ರರಿ ತೆರೆಯಿರಿ; ಮೈಕ್ರೋಸಾಫ್ಟ್, ಆಲ್ಸಾ, ಫ್ಲಾಕ್, ವೋರ್ಬಿಸ್ ಕ್ರಮಗಳೆಲ್ಲ ಅಲ್ಲಿ ಸಿದ್ಧವಾಗಿವೆ. ಪೋರ್ಟ್‌ಆಡಿಯೋ ಎಂಬ ಇನ್ನೊಂದು ಲೈಬ್ರರಿ ಮಾತ್ರ ಸ್ಟ್ರೀಮ್ ತೆರೆಯುವಾಗ ಎಷ್ಟು ಚಾನೆಲ್ ಎಂದಷ್ಟೇ ಕೇಳುತ್ತದೆ. ಯಾವುದು ಯಾವುದೆಂದು ಹೇಳಬೇಕಾದರೆ ಆಯಾ ಆಪರೇಟಿಂಗ್ ಸಿಸ್ಟಂಗೆ ಬೇರೆ ಸೆಟ್ಟಿಂಗ್ ಕೊಡಬೇಕು.

ಬಫರ್ ಮತ್ತು ಹಳೆಯ ಬಳಕೆದಾರರು

ಫ್ರೇಮ್ ಬೇರೆ, ಸ್ಯಾಂಪಲ್ ಬೇರೆ. ಒಂದು ಚಾನೆಲಿನ ಒಂದು ಕ್ಷಣದ ಬೆಲೆ ಸ್ಯಾಂಪಲ್; ಆ ಕ್ಷಣದ ಎಲ್ಲ ಚಾನೆಲ್ ಸೇರಿ ಒಂದು ಫ್ರೇಮ್. 512 ಫ್ರೇಮಿನ ಬಫರಿನಲ್ಲಿ (ಸದ್ದನ್ನು ತುಂಡು ತುಂಡಾಗಿ ತುಂಬಿ ಕಳಿಸುವ ಮೆಮೊರಿ) ಸ್ಟೀರಿಯೋಗೆ 1024 ಸ್ಯಾಂಪಲ್ ಇದ್ದರೆ, 5.1ಕ್ಕೆ 3072. ಇವೆರಡನ್ನು ಕಲಸಿಬಿಟ್ಟರೆ ಮೆಮೊರಿ ದಾಟಿ ಬರೆಯುವ ಕೋಡ್ ಹುಟ್ಟುತ್ತದೆ. ವೇರಿಯೇಬಲ್ ಹೆಸರಿನಲ್ಲೇ ಫ್ರೇಮ್ ಅಥವಾ ಸ್ಯಾಂಪಲ್ ಎಂದು ಬರೆದಿಡಿ.

ಹಳೆಯ ಫಂಕ್ಷನ್‌ಗಳ ಹೆಸರು, ಕರೆಯುವ ರೀತಿ ಬದಲಿಸಬೇಡಿ. ಅವನ್ನು ನಂಬಿ ಬರೆದ ಪ್ರೋಗ್ರಾಂಗಳು ನಾಳೆಯೂ ಓಡಬೇಕು. ಹೊಸ ಹೆಸರಿನ ಫಂಕ್ಷನ್ ಸೇರಿಸಿ, ಹಳೆಯದು ಒಳಗಿಂದ ಎರಡು ಚಾನೆಲ್ ಮ್ಯಾಪ್ ಕೊಟ್ಟು ಹೊಸದನ್ನೇ ಕರೆಯಲಿ.

ಸಾಧನವನ್ನು ಕೇಳಿ, ನಂಬಬೇಡಿ

ಆರು ಚಾನೆಲ್ ಬೇಕೆಂದು ಕೇಳಿದಾಗ ಸಾಧನ ಎರಡೇ ಕೊಡಬಹುದು. ಸಿಕ್ಕಿದ್ದು ಎಷ್ಟು ಎಂದು ನೋಡಿ, ಅದಕ್ಕೆ ತಕ್ಕಂತೆ ಇಳಿಸಿಕೊಳ್ಳುವ ದಾರಿ ಲೈಬ್ರರಿಯಲ್ಲೇ ಇರಬೇಕು.

ಇಲ್ಲಿ ಅಂಗಡಿಯ ವಿಷಯವೂ ಒಂದಿಷ್ಟು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರುವ '5.1 ಹೋಂ ಥಿಯೇಟರ್' ಡಬ್ಬದಲ್ಲಿ ಆರು ಸ್ಪೀಕರ್ ಇರುವುದು ನಿಜ. ಹಿಂದೆ ತಿರುಗಿಸಿ ನೋಡಿ. ಒಳಬರುವ ಪಿನ್ ಎಡ-ಬಲ ಎರಡೇ ಇದ್ದರೆ, ಜೊತೆಗೆ ಬ್ಲೂಟೂತ್ ಅಷ್ಟೇ ಇದ್ದರೆ, ಅದು ಸ್ಟೀರಿಯೋವನ್ನೇ ಆರು ಕಡೆ ಹಂಚುತ್ತಿದೆ. ನಿಮ್ಮ ಕೋಡ್ ಎಷ್ಟೇ ಸರಿಯಿದ್ದರೂ ಅದರಲ್ಲಿ ಪರೀಕ್ಷೆ ಮಾಡಲಾಗದು. ಡೆಸ್ಕ್‌ಟಾಪ್ ಕಂಪ್ಯೂಟರಿನ ಹಸಿರು, ಕಪ್ಪು, ಕಿತ್ತಳೆ ಜ್ಯಾಕ್‌ಗಳಿಗೆ ಮೂರು ವೈರ್ ಹೋಗುವ ಸೆಟ್ ಬೇಕು: ಹಸಿರು ಮುಂದಿನದಕ್ಕೆ, ಕಪ್ಪು ಹಿಂದಿನದಕ್ಕೆ, ಕಿತ್ತಳೆ ಸೆಂಟರ್ ಮತ್ತು ಸಬ್‌ವೂಫರಿಗೆ. ಲ್ಯಾಪ್‌ಟಾಪ್ ಆದರೆ ಎಚ್‌ಡಿಎಂಐ ಇರುವ ರಿಸೀವರ್. ಆಪ್ಟಿಕಲ್ ವೈರ್ ಇದೆಯಲ್ಲ ಎನ್ನಬೇಡಿ. ಅದರಲ್ಲಿ ಕುಗ್ಗಿಸದ ಸದ್ದು ಎರಡು ಚಾನೆಲ್ ಮಾತ್ರ ಹೋಗುತ್ತದೆ, 5.1 ಕಳಿಸಬೇಕಾದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಕುಗ್ಗಿಸಲೇಬೇಕು.

ತಮಟೆಯನ್ನು ಸುತ್ತ ಕೂರಿಸುವುದು

ಸ್ಪೀಕರ್ ಎಲ್ಲಿಡಬೇಕೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್.775 ಶಿಫಾರಸು ಹೇಳುತ್ತದೆ. ಸೆಂಟರ್ ಸೊನ್ನೆ ಡಿಗ್ರಿಯಲ್ಲಿ, ಮುಂದಿನ ಎರಡು ಆಚೀಚೆ 30 ಡಿಗ್ರಿಯಲ್ಲಿ, ಹಿಂದಿನ ಎರಡು 100ರಿಂದ 120 ಡಿಗ್ರಿ ನಡುವೆ. ನಾವು 110 ಎಂದು ಹಿಡಿಯೋಣ. ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ, ಒಂದು ದಾರ, ಸೀಮೆಸುಣ್ಣ ಇದ್ದರೆ ನೆಲದ ಮೇಲೆ ಗುರುತು ಹಾಕಿಕೊಳ್ಳಬಹುದು. ಎಲ್ಲ ಸ್ಪೀಕರೂ ಕೇಳುವವರಿಂದ ಒಂದೇ ದೂರದಲ್ಲಿರಲಿ. ಒಂದು ಮೀಟರ್ ಹೆಚ್ಚು ಕಡಿಮೆಯಾದರೆ ಸದ್ದು ಸುಮಾರು 3 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ಮೊದಲು ಬಂದ ಸ್ಪೀಕರಿನ ಕಡೆಗೇ ಕಿವಿ ವಾಲುತ್ತದೆ.

ಸದ್ದು ಯಾವ ಕೋನದಲ್ಲಿ ಬೇಕೋ ಅದರ ಆಚೀಚೆ ಇರುವ ಎರಡು ಸ್ಪೀಕರ್ ಹುಡುಕಿ, ಅವೆರಡಕ್ಕೆ ಮಾತ್ರ ಹಂಚುವುದೇ ಸುಲಭದ ದಾರಿ. ಫಿನ್ಲೆಂಡಿನ ವಿಲ್ಲೆ ಪುಲ್ಕಿ 1997ರಲ್ಲಿ ಪ್ರಕಟಿಸಿದ ವಿಬಿಎಪಿ (ವೆಕ್ಟರ್ ಬೇಸ್ ಆಂಪ್ಲಿಟ್ಯೂಡ್ ಪ್ಯಾನಿಂಗ್) ವಿಧಾನ ಇದನ್ನು ಚೊಕ್ಕವಾಗಿ ಮಾಡುತ್ತದೆ. ಲೆಕ್ಕ ಹೀಗೆ. ಒಂದು ತಮಟೆ ಬಲಗಡೆ 50 ಡಿಗ್ರಿಯಲ್ಲಿ ನಿಲ್ಲಬೇಕು. ಅದರ ಆಚೀಚೆ ಮುಂದಿನ ಬಲ 30ರಲ್ಲಿ, ಹಿಂದಿನ ಬಲ 110ರಲ್ಲಿ. ಮುಂದಿನದಕ್ಕೆ 110ರಲ್ಲಿ 50 ಕಳೆದು 60 ಡಿಗ್ರಿಯ ಸೈನ್, ಅಂದರೆ 0.866. ಹಿಂದಿನದಕ್ಕೆ 50ರಲ್ಲಿ 30 ಕಳೆದು 20 ಡಿಗ್ರಿಯ ಸೈನ್, 0.342. ಈಗ ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 0.931. ಅದರಿಂದ ಭಾಗಿಸಿದರೆ ಮುಂದಿನದಕ್ಕೆ 0.93, ಹಿಂದಿನದಕ್ಕೆ 0.37. ವರ್ಗಗಳ ಮೊತ್ತ 1 ಆಗಿರುವುದರಿಂದ ತಮಟೆ ಸುತ್ತ ತಿರುಗಿದರೂ ಸದ್ದು ಏರಿಳಿಯುವುದಿಲ್ಲ. ಅಷ್ಟೇ ಗಣಿತ.

ಒಂದು ಮಿತಿ ಇದೆ. ಹಿಂದಿನ ಎರಡು ಸ್ಪೀಕರ್ ನಡುವೆ 140 ಡಿಗ್ರಿ ಖಾಲಿ ಜಾಗ. ನೇರ ಬೆನ್ನ ಹಿಂದೆ ನಿಲ್ಲಿಸಿದ ತಮಟೆ, ಎದುರಿಗೆ ನಿಲ್ಲಿಸಿದ್ದರಷ್ಟು ಖಚಿತವಾಗಿ ಕೇಳಿಸುವುದಿಲ್ಲ. ಪಕ್ಕಗಳಲ್ಲೂ ಸ್ವಲ್ಪ ಮಸುಕು. ಇದು ನಿಮ್ಮ ಕೋಡಿನ ತಪ್ಪಲ್ಲ, 5.1ರ ಸ್ವಭಾವ.

ತಮಟೆ ಚಲಿಸುವಾಗ ಈ ಹಂಚಿಕೆಯನ್ನು ಬಫರಿಗೊಮ್ಮೆ ದಿಢೀರ್ ಬದಲಿಸಿದರೆ ಕಿರಿಕಿರಿ ಸದ್ದು ಕೇಳಿಸುತ್ತದೆ. ಹಳೆಯ ಬೆಲೆಯಿಂದ ಹೊಸದಕ್ಕೆ 10 ಮಿಲಿಸೆಕೆಂಡಿನಲ್ಲಿ ಮೆಲ್ಲಗೆ ಜಾರಿಸಿ. ಸೆಕೆಂಡಿಗೆ 48000 ಫ್ರೇಮ್ ಆದರೆ ಅದು 480 ಫ್ರೇಮ್.

ಎಲ್‌ಎಫ್‌ಇಯನ್ನು ಈ ಹಂಚಿಕೆಯಲ್ಲಿ ಸೇರಿಸಲೇಬೇಡಿ. ಅದಕ್ಕೆ ಕೋನವಿಲ್ಲ. ಬೇಕಾದವರು ಬೇರೆಯಾಗಿ ಕಳಿಸಿಕೊಳ್ಳಲು ಒಂದು ಫಂಕ್ಷನ್ ಕೊಟ್ಟರೆ ಸಾಕು. ಎಲ್ಲ ತಮಟೆಯ ಬೇಸ್ ಅನ್ನೂ ಅದಕ್ಕೆ ಸುರಿಯುವ ಆಸೆ ಬರುತ್ತದೆ, ತಡೆದುಕೊಳ್ಳಿ. ಸರಿಯಾಗಿ ಹೊಂದಿಸಿದ ಸೆಟ್‌ನಲ್ಲಿ ಎಲ್‌ಎಫ್‌ಇ ಚಾನೆಲ್ ಬೇರೆ ಚಾನೆಲ್‌ಗಳಿಗಿಂತ 10 ಡೆಸಿಬೆಲ್ ಜೋರಾಗಿ ನುಡಿಯುತ್ತದೆ, ಕಿಟಕಿ ಗಾಜು ಅದುರೀತು.

ಎರಡೇ ಸ್ಪೀಕರ್ ಇದ್ದವರಿಗೆ

ನಿಮ್ಮ ಪ್ರೋಗ್ರಾಂ ಬಳಸುವ ಹೆಚ್ಚಿನವರ ಬಳಿ ಇಯರ್‌ಫೋನ್ ಅಷ್ಟೇ ಇರುತ್ತದೆ. ಆರನ್ನು ಎರಡಕ್ಕೆ ಇಳಿಸಬೇಕು. ರೂಢಿಯ ಸೂತ್ರ: ಎಡಕ್ಕೆ ಮುಂದಿನ ಎಡ ಪೂರ್ತಿ, ಸೆಂಟರಿನ 0.707 ಪಾಲು, ಹಿಂದಿನ ಎಡದ 0.707 ಪಾಲು. ಬಲಕ್ಕೂ ಹಾಗೆಯೇ. ಎಲ್‌ಎಫ್‌ಇ ಬಿಟ್ಟುಬಿಡುವುದೇ ರೂಢಿ. ಮೂರೂ ಒಟ್ಟಿಗೆ ಪೂರ್ತಿ ಜೋರಿದ್ದರೆ ಮೊತ್ತ 2.414 ಆಗಿ ಸದ್ದು ಒಡೆಯುತ್ತದೆ. ಅದರಿಂದ ಭಾಗಿಸಿದರೆ ಒಡೆಯುವುದಿಲ್ಲ, ಆದರೆ ಎಲ್ಲವೂ ಮೆತ್ತಗಾಗುತ್ತದೆ. ಎರಡನ್ನೂ ಆಯ್ಕೆಯಾಗಿ ಕೊಡಿ, ಸದ್ದು ಒಡೆಯದಿರುವುದು ಡಿಫಾಲ್ಟ್ ಆಗಿರಲಿ.

ಸ್ಪೀಕರ್ ಇಲ್ಲದೆಯೂ ಪರೀಕ್ಷೆ

ಕರೆಂಟ್ ಹೋದಾಗಲೂ ಲ್ಯಾಪ್‌ಟಾಪಿನಲ್ಲಿ ಮಾಡಬಹುದಾದ ಕೆಲಸ ಇದು. ವೇವ್ ಕ್ರಮದ ಆರು ಚಾನೆಲ್‌ಗೆ 0.1ರಿಂದ 0.6ರವರೆಗೆ ಬೇರೆ ಬೇರೆ ಬೆಲೆ ತುಂಬಿ. ಆಲ್ಸಾ ಕ್ರಮಕ್ಕೆ ತಿರುಗಿಸಿದಾಗ 0.1, 0.2, 0.5, 0.6, 0.3, 0.4 ಬರಬೇಕು. ವೋರ್ಬಿಸ್ ಕ್ರಮಕ್ಕೆ ತಿರುಗಿಸಿದರೆ 0.1, 0.3, 0.2, 0.5, 0.6, 0.4. ಹಿಂದಕ್ಕೆ ತಿರುಗಿಸಿದಾಗ ಮೊದಲಿನದೇ ಸಿಗಬೇಕು. ಹಂಚಿಕೆಗೆ ಸೊನ್ನೆಯಿಂದ 359 ಡಿಗ್ರಿವರೆಗೆ ಒಂದೊಂದನ್ನೂ ಓಡಿಸಿ, ವರ್ಗಗಳ ಮೊತ್ತ 1 ಇದೆಯೇ ನೋಡಿ. ಸರಿಯಾಗಿ 30 ಡಿಗ್ರಿ ಕೊಟ್ಟರೆ ಮುಂದಿನ ಬಲ ಒಂದೇ ನುಡಿಯಬೇಕು. 180 ಕೊಟ್ಟರೆ ಹಿಂದಿನ ಎರಡಕ್ಕೂ 0.707. ಮೈನಸ್ ಕೋನವನ್ನೂ, 360 ದಾಟಿದ್ದನ್ನೂ ಕೊಟ್ಟು ನೋಡಿ. ತಪ್ಪುಗಳು ಅಡಗಿ ಕೂರುವುದು ಅಲ್ಲೇ.

ಆಮೇಲೆ ಕಿವಿ. ಲಿನಕ್ಸಿನ ಸ್ಪೀಕರ್-ಟೆಸ್ಟ್ ಪ್ರೋಗ್ರಾಂಗೆ ಆರು ಚಾನೆಲ್, ವೇವ್ ಮಾದರಿ ಎಂದು ಹೇಳಿದರೆ ಒಂದೊಂದೇ ಸ್ಪೀಕರಿನ ಹೆಸರು ಕೂಗುತ್ತದೆ. ಮೊದಲು ವೈರ್ ಸರಿಯಿದೆಯೇ ಎಂದು ಅದರಿಂದ ಖಾತ್ರಿ ಮಾಡಿಕೊಂಡು, ಆಮೇಲೆ ನಿಮ್ಮ ಲೈಬ್ರರಿ ಓಡಿಸಿ. ಪರೀಕ್ಷೆಗೆ ಒಂದೇ ಸಮನೆ ಕೂಗುವ ಸೈನ್ ಸ್ವರ ಬೇಡ, ಅದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಗೊತ್ತಾಗುವುದು ಕಷ್ಟ. ತಮಟೆಯ ಏಟಿನಂಥ ಚುರುಕು ಸದ್ದು ಎಲ್ಲ ಸ್ವರವನ್ನೂ ಒಟ್ಟಿಗೆ ಹೊತ್ತು ತರುತ್ತದೆ, ದಿಕ್ಕು ತಟ್ಟನೆ ಸಿಗುತ್ತದೆ. ಬೆಂಕಿಗೆ ಕಾಯಿಸಿ ಬಿಗಿಯಾದ ತಮಟೆಯನ್ನೇ ರೆಕಾರ್ಡ್ ಮಾಡಿ, ತೇವಕ್ಕೆ ಸಡಿಲವಾದದ್ದನ್ನಲ್ಲ.

ಕಳಿಸುವುದು

ಎಲ್ಲವನ್ನೂ ಒಂದೇ ದೊಡ್ಡ ಪ್ಯಾಚ್ (ಕೋಡ್ ಬದಲಾವಣೆಗಳ ಕಂತೆ) ಮಾಡಿ ಕಳಿಸಿದರೆ ಓದುವವರಿಗೆ ತಲೆನೋವು. ಮೊದಲು ಚಾನೆಲ್ ಮ್ಯಾಪ್ ಮತ್ತು ಅದರ ಪರೀಕ್ಷೆ. ಅದು ಸೇರಿದ ಮೇಲೆ ಸಾಧನದ ಭಾಗ, ಆಮೇಲೆ ಹಂಚಿಕೆ, ಕೊನೆಗೆ ಎರಡಕ್ಕೆ ಇಳಿಸುವುದು. ಉದಾಹರಣೆಗೆ ಒಂದು ಪುಟ್ಟ ಪ್ರೋಗ್ರಾಂ ಇರಲಿ, ತಮಟೆ ರೆಕಾರ್ಡಿಂಗ್ ಹಾಕುವುದಾದರೆ ನುಡಿಸಿದವರ ಒಪ್ಪಿಗೆ ಪಡೆದು, ಅವರ ಹೆಸರು ಹಾಕಿ.

'7.1 ಯಾವಾಗ?' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಚಾನೆಲ್‌ಗೆ ಹೆಸರಿಟ್ಟು ಬರೆದಿದ್ದರೆ ಅದು ಎರಡು ಹೊಸ ಹೆಸರು, ಎರಡು ಹೊಸ ಕೋನದ ಕೆಲಸ. ಚಾವಣಿಯ ಸ್ಪೀಕರ್ ಕೇಳಿದರೆ ಮಾತ್ರ ಜೋಡಿಯ ಬದಲು ಮೂರು ಮೂರು ಸ್ಪೀಕರಿನ ತ್ರಿಕೋನ ಹುಡುಕಬೇಕು. ವಿಬಿಎಪಿಯಲ್ಲಿ ಅದಕ್ಕೂ ದಾರಿ ಇದೆ, ಆದರೆ ಅದನ್ನು ಬೇರೆ ಇಶ್ಯೂ ತೆರೆದು ಮಾಡಿ.