ಅಲುಗಾಡುವ ಕೆಳಸೆಟ್ಟಿಗೆ ಎರಡು ಇಂಪ್ಲಾಂಟ್

ದಾವಣಗೆರೆಯ ಸಂಜೆಯ ಮಂಡಕ್ಕಿ-ಮೆಣಸಿನಕಾಯಿಯನ್ನು ಹಲ್ಲಿನ ಸೆಟ್ಟು ಕಟ್ಟಿಸಿಕೊಂಡ ಹಿರಿಯರು ಬಿಟ್ಟುಬಿಟ್ಟಿದ್ದರೆ, ತಪ್ಪು ಬಹುಮಟ್ಟಿಗೆ ಕೆಳಗಿನ ಸೆಟ್ಟಿನದು. ಮೇಲಿನ ಸೆಟ್ಟು ಅಂಗುಳವನ್ನೆಲ್ಲ ಆವರಿಸಿ, ಎಂಜಲಿನ ತೆಳುಪದರದ ನೆರವಿನಿಂದ ಅಂಟಿ ನಿಲ್ಲುತ್ತದೆ. ಕೆಳಗಿನದಕ್ಕೆ ಲಾಳದಾಕಾರದ ಕಿರಿದಾದ ದಿಣ್ಣೆಯೊಂದೇ ಆಸರೆ. ಒಳಗಿನಿಂದ ನಾಲಿಗೆ, ಹೊರಗಿನಿಂದ ತುಟಿ ಮತ್ತು ಕೆನ್ನೆ ಅದನ್ನು ತಳ್ಳುತ್ತಲೇ ಇರುತ್ತವೆ. ಹಲ್ಲು ಹೋದ ಮೇಲೆ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುವುದರಿಂದ ಮೊದಲು ಬಿಗಿಯಾಗಿದ್ದ ಸೆಟ್ಟೂ ಸಡಿಲವಾಗುತ್ತದೆ.

ಇದಕ್ಕೆ ಬಾಯಿ ತುಂಬ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಲೋಹದ ತಿರುಪು, ಹಾಕಿಸಬೇಕಾಗಿಲ್ಲ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳ ಮೇಲೆ ಕೂರುವ ಸೆಟ್ಟೇ ಮೊದಲ ಆಯ್ಕೆಯಾಗಬೇಕೆಂದು ಒಮ್ಮತಕ್ಕೆ ಬಂದರು. ಮೇಲಿನ ಸೆಟ್ಟು ಗಟ್ಟಿಯಾಗಿ ನಿಂತಿದ್ದರೆ ಅದನ್ನು ಹಾಗೆಯೇ ಬಿಡಬಹುದು. ಮೇಲ್ದವಡೆಯ ಮೂಳೆ ಮೆದು. ಅಲ್ಲಿ ಸಾಮಾನ್ಯವಾಗಿ ನಾಲ್ಕಾದರೂ ಇಂಪ್ಲಾಂಟ್ ಬೇಕಾಗುವುದರಿಂದ ಖರ್ಚೂ ಏರುತ್ತದೆ.

ಮೊದಲ ಹೆಜ್ಜೆ ತಪಾಸಣೆ. ದಾವಣಗೆರೆಯ ಬಾಪೂಜಿ ದಂತ ವೈದ್ಯಕೀಯ ಕಾಲೇಜು, ಚಿತ್ರದುರ್ಗದ ಎಸ್‌ಜೆಎಂ ದಂತ ವೈದ್ಯಕೀಯ ಕಾಲೇಜುಗಳಂಥ ಕಡೆ ಸೆಟ್ಟು ಕಟ್ಟುವವರೂ ಶಸ್ತ್ರಚಿಕಿತ್ಸೆ ಮಾಡುವವರೂ ಒಂದೇ ಸೂರಿನಡಿ ಸಿಗುತ್ತಾರೆ. ಈ ಕೆಲಸಕ್ಕೆ ಇಬ್ಬರೂ ಬೇಕು. ಸಕ್ಕರೆ ಕಾಯಿಲೆ ಇದ್ದವರು ಅಂದಿನ ಸಕ್ಕರೆಯ ಚೀಟಿಯಷ್ಟೇ ಅಲ್ಲದೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿಯನ್ನೂ ಒಯ್ಯಬೇಕು. ಮೂಳೆಸವೆತಕ್ಕೆ ಮಾತ್ರೆ ಅಥವಾ ವರ್ಷಕ್ಕೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರು ಕೇಳುವ ಮೊದಲೇ ಹೇಳಬೇಕು, ಏಕೆಂದರೆ ಅಂಥ ಕೆಲವು ಔಷಧಗಳಿಂದ ದವಡೆಯ ಗಾಯ ಮಾಯದೆ ಉಳಿಯಬಹುದು. ಬೀಡಿ-ಸಿಗರೇಟು ಇಂಪ್ಲಾಂಟ್‌ನ ಶತ್ರು. ಅಡಿಕೆ ಬೆಳೆಯುವ ಚನ್ನಗಿರಿಯ ಕಡೆಯವರಿಗೆ ಅಡಿಕೆಯ ಬಗ್ಗೆ ಹೇಳಲು ನನಗೆ ಸಂಕೋಚವಾಗುತ್ತದೆ, ಆದರೆ ವರ್ಷಗಟ್ಟಲೆ ಅಡಿಕೆ ಜಗಿದು ಕೆನ್ನೆಯ ಒಳಭಾಗ ಬಿಗಿದುಕೊಂಡವರ ಬಾಯಿ ಉಪಕರಣ ಆಡಿಸುವಷ್ಟು ತೆರೆಯುವುದೇ ಇಲ್ಲ.

ಮುಂದಿನ ಹೆಜ್ಜೆಯ ಕ್ರಮ ಬಹಳ ಜನರಿಗೆ ತಲೆಕೆಳಗಾಗಿ ಕಾಣುತ್ತದೆ: ಮೊದಲು ಸೆಟ್ಟು, ಆಮೇಲೆ ಇಂಪ್ಲಾಂಟ್. ಹಲ್ಲುಗಳು ಎಲ್ಲಿ ಕೂರಬೇಕೆಂಬುದು ಗೊತ್ತಾದ ಮೇಲೆಯೇ ಅವುಗಳ ಬುಡಕ್ಕೆ ಗೂಟ ಎಲ್ಲಿ ನೆಡಬೇಕೆಂಬುದು ತೀರ್ಮಾನವಾಗುತ್ತದೆ. ಸರಿಹೊಂದಿದ ಸೆಟ್ಟಿನ ಪಾರದರ್ಶಕ ನಕಲೊಂದನ್ನು ಬಾಯಲ್ಲಿಟ್ಟು ಸಿಬಿಸಿಟಿ ಸ್ಕ್ಯಾನ್ (ದವಡೆಯ ಮೂರು ಆಯಾಮದ ಎಕ್ಸ್-ರೇ) ತೆಗೆದರೆ ಮೂಳೆಯ ಎತ್ತರ, ಅಗಲ ಮತ್ತು ಕೆಳತುಟಿಗೆ ಸ್ಪರ್ಶ ಕೊಡುವ ನರ ಹೊರಬರುವ ಜಾಗ ಮೂರೂ ತಿಳಿಯುತ್ತವೆ. ಈ ಹಂತವನ್ನು ಹಾರಿಸಿ ನೇರವಾಗಿ ತೂತಿಗೆ ಹೊರಡುವವರ ಹತ್ತಿರ, ನನ್ನ ಮಟ್ಟಿಗೆ, ಇನ್ನೊಮ್ಮೆ ಯೋಚಿಸಿ ಹೋಗುವುದು ಮೇಲು.

ಶಸ್ತ್ರಚಿಕಿತ್ಸೆಗೆ ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಸಾಕು. ಕೋರೆಹಲ್ಲುಗಳಿದ್ದ ಎಡೆಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಟೈಟಾನಿಯಂ ತಿರುಪನ್ನು ಮೂಳೆಯೊಳಗೆ ಕೂರಿಸುತ್ತಾರೆ. ಕೊರೆಯುವಾಗ ತಣ್ಣನೆಯ ಸಲೈನ್ ನೀರು ಹರಿಯುತ್ತಲೇ ಇರುತ್ತದೆ; ಮೂಳೆಯ ಬಿಸಿ 47 ಡಿಗ್ರಿ ಸೆಲ್ಸಿಯಸ್ ದಾಟಿ ಒಂದು ನಿಮಿಷ ನಿಂತರೆ ಅಲ್ಲಿನ ಜೀವಕೋಶಗಳು ಸಾಯುತ್ತವೆ.

ಆಮೇಲೆ ಕಾಯಬೇಕು. ಸ್ವೀಡನ್ನಿನ ಸಂಶೋಧಕ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯಲ್ಲಿಟ್ಟ ಟೈಟಾನಿಯಂ ತುಂಡನ್ನು ಬಿಡಿಸಲಾಗದೆ ಸೋತಾಗಲೇ ಈ ಲೋಹಕ್ಕೆ ಮೂಳೆ ಬೆಸೆದುಕೊಳ್ಳುತ್ತದೆಂಬುದು ಹೊಳೆದದ್ದು. 1965ರಲ್ಲಿ ಮೊದಲ ರೋಗಿಗೆ ಅವರು ಇಂಪ್ಲಾಂಟ್ ಕೂರಿಸಿದರು. ಆ ಬೆಸುಗೆಗೆ ಕೆಳದವಡೆಯಲ್ಲಿ ವಾಡಿಕೆಯಂತೆ ಮೂರು ತಿಂಗಳು ಕೊಡುತ್ತಾರೆ. ಹಳೆಯ ಸೆಟ್ಟನ್ನು ಗಾಯಕ್ಕೆ ಒತ್ತದಂತೆ ಒಳಗಿನಿಂದ ಕೆರೆದು, ಮೆತ್ತನೆಯ ಪದರ ಹಾಕಿ ಕೊಡುವವರೆಗೆ ಅದನ್ನು ಧರಿಸಬಾರದು. ಚಿತ್ರದುರ್ಗದ ಕಡೆಯ ಮುದ್ದೆ ಉಣ್ಣುವವರಿಗೆ ಈ ಅವಧಿ ಸಲೀಸು, ನುಂಗುವುದಕ್ಕೆ ಹಲ್ಲಿನ ಹಂಗಿಲ್ಲ. ಜೋಳದ ರೊಟ್ಟಿಯವರು ಸಾರಿನಲ್ಲಿ ನೆನೆಸಿಕೊಳ್ಳಬೇಕು.

ಬೆಸುಗೆ ಖಚಿತವಾದ ಮೇಲೆ ಇಂಪ್ಲಾಂಟ್‌ಗಳ ತಲೆಗೆ ಗುಂಡಾದ ಅಥವಾ ಚಪ್ಪಟೆಯಾದ ಕೊಂಡಿ ಬಿಗಿದು, ಸೆಟ್ಟಿನ ಒಳಮೈಯಲ್ಲಿ ಅದಕ್ಕೆ ಸರಿಯಾದ ಲೋಹದ ಬಟ್ಟಲನ್ನೂ ನೈಲಾನ್ ಬಿಲ್ಲೆಯನ್ನೂ ಕೂರಿಸುತ್ತಾರೆ. ಟಿಚ್ ಬಟನ್ನಿನಂತೆ ಟಕ್ಕೆಂದು ಕೂರುತ್ತದೆ. ಕೂರಿಸುವಾಗ ಎರಡೂ ಕಡೆ ಬೆರಳಿನಿಂದ ಒತ್ತಬೇಕೇ ಹೊರತು ಕಚ್ಚಿ ಕೂರಿಸಬಾರದು. ಓರೆಯಾಗಿ ಕಚ್ಚಿದರೆ ನೈಲಾನ್ ಬೇಗ ಹರಿಯುತ್ತದೆ. ಸೆಟ್ಟಿನ ಭಾರ ಈಗಲೂ ಹೆಚ್ಚಾಗಿ ವಸಡಿನ ಮೇಲೆಯೇ ಇರುವುದರಿಂದ ರಾತ್ರಿ ತೆಗೆದು ತಣ್ಣೀರಿನಲ್ಲಿಡಬೇಕು, ಬಿಸಿನೀರಿಗೆ ಅದು ಸೊಟ್ಟಗಾಗುತ್ತದೆ. ಕೊಂಡಿಗಳ ಬುಡವನ್ನು ದಿನಕ್ಕೆರಡು ಬಾರಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜದಿದ್ದರೆ ವಸಡು ಬಾತು, ಸುತ್ತಲಿನ ಮೂಳೆ ಸದ್ದಿಲ್ಲದೆ ಕರಗುತ್ತದೆ.

ನೈಲಾನ್ ಬಿಲ್ಲೆ ಸವೆಯುವ ವಸ್ತು. ಸೆಟ್ಟು ಸಡಿಲವೆನಿಸಿದಾಗ ಅದನ್ನಷ್ಟೇ ಬದಲಾಯಿಸಿದರೆ ಸಾಕು, ಕುರ್ಚಿಯಲ್ಲಿ ಕೆಲವೇ ನಿಮಿಷದ ಕೆಲಸ. ಆದರೆ ಒಂದು ಕಂಪನಿಯ ಕೊಂಡಿಗೆ ಇನ್ನೊಂದರ ಬಿಲ್ಲೆ ಹಿಡಿಯದೆ ಇರಬಹುದು. ಆದ್ದರಿಂದ ಚಿಕಿತ್ಸೆ ಮುಗಿದ ದಿನವೇ ಇಂಪ್ಲಾಂಟ್‌ನ ಕಂಪನಿ, ಅಳತೆ ಮತ್ತು ಕೊಂಡಿಯ ಹೆಸರನ್ನು ಬರೆಸಿಕೊಂಡು ಆಧಾರ್ ಕಾರ್ಡಿನ ಜೊತೆಗೇ ಇಡಬೇಕು. ಮಕ್ಕಳ ಮನೆಯೆಂದು ಬೆಂಗಳೂರಿಗೆ ಹೋದಾಗ ಸೆಟ್ಟು ಸಡಿಲವಾದರೆ ಅಲ್ಲಿನ ವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನೇ.