ಸಕ್ಕರೆ ತಗ್ಗಿಸಿ ಹ್ಯಾಲೋವೀನ್ ಆಚರಿಸುವ ಬಗೆ

ಅಕ್ಟೋಬರ್ 31ರ ಸಂಜೆ ಅಮೆರಿಕದ ಮಕ್ಕಳು ವೇಷ ತೊಟ್ಟು ಮನೆಮನೆ ಸುತ್ತಿ, ಚೀಲದ ತುಂಬ ಕ್ಯಾಂಡಿ ತರುತ್ತಾರೆ. ಎರಡು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ 25 ಗ್ರಾಂಗಿಂತ, ಎಂದರೆ ಸುಮಾರು 6 ಟೀ ಚಮಚಕ್ಕಿಂತ, ಕಡಿಮೆ, ತಿನಿಸಿಗೆ ಮೇಲಿಂದ ಬೆರೆಸಿದ ಸಕ್ಕರೆ ಸೇರಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಲಹೆ ನೀಡಿರುವುದರಿಂದ, ಹೊರಡುವ ಮುನ್ನ ಅವರಿಗೆ ಹೊಟ್ಟೆ ತುಂಬ ಊಟ ಮಾಡಿಸಿ. ಹಸಿದ ಮಗು ದಾರಿಯಲ್ಲೇ ಚೀಲಕ್ಕೆ ಕೈ ಹಾಕುತ್ತದೆ.

ಅಲ್ಲಿ ನೆಲೆಸಿರುವ ನಮ್ಮವರಿಗೆ ಮನೆಯ ಚಿಕ್ಕಿ, ಉಂಡೆ ಹಂಚುವ ಆಸೆಯಾಗುವುದು ಸಹಜವಾದರೂ, ಅಪರಿಚಿತರು ಕೊಟ್ಟ ಪೊಟ್ಟಣವಿಲ್ಲದ ತಿಂಡಿಯನ್ನು ಪೋಷಕರು ಸಾಮಾನ್ಯವಾಗಿ ತಿನ್ನಗೊಡುವುದಿಲ್ಲ. ಕಡಲೆಕಾಯಿಯ ಅಲರ್ಜಿಯ ಭಯವೂ ಉಂಟು. ಬದಲಿಗೆ ಸ್ಟಿಕ್ಕರ್, ಪೆನ್ಸಿಲ್, ಕತ್ತಲಲ್ಲಿ ಹೊಳೆಯುವ ಬಳೆಗಳನ್ನು ಕೊಡಬಹುದು. ಬಾಗಿಲಲ್ಲಿ ಹಸಿರು ಬೆರೆತ ನೀಲಿ ಬಣ್ಣದ ಕುಂಬಳಕಾಯಿಯಿಟ್ಟರೆ, ತಿಂಡಿಯಲ್ಲದ ಉಡುಗೊರೆಯೂ ಇಲ್ಲಿದೆ ಎಂದು ಅರ್ಥ.

ದೀಪಕ್ಕಾಗಿ ಕೊರೆದ ಕುಂಬಳಕಾಯಿಯ ಬೀಜಗಳನ್ನಂತೂ ಎಸೆಯಲೇಬೇಡಿ. ಅಂಟಿದ ನಾರನ್ನು ನೀರಿನಲ್ಲಿ ಉಜ್ಜಿ ತೆಗೆದು, ಬಟ್ಟೆಯ ಮೇಲೆ ಚೆನ್ನಾಗಿ ಆರಿಸಿ, ಸ್ವಲ್ಪ ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ ಸವರಿ, 350 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯ ಓವನ್ನಿನಲ್ಲಿ 15ರಿಂದ 20 ನಿಮಿಷ, ನಡುವೆ ಒಮ್ಮೆ ಕೈಯಾಡಿಸಿ, ಹೊಂಬಣ್ಣ ಬರುವವರೆಗೆ ಹುರಿಯಿರಿ. ತೇವ ಉಳಿದರೆ ಬೀಜ ಗರಿಗರಿಯಾಗದು. ತೀರಾ ಚಿಕ್ಕ ಮಕ್ಕಳಿಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ್ದರಿಂದ, ಅವರಿಗೆ ಬಿಡಿಸಿದ ಕಿತ್ತಳೆಯ ತೊಳೆಗಳನ್ನು ಸಣ್ಣಗೆ ಹೆಚ್ಚಿ ಕೊಡಿ.