ಗೋಧಿ ಒಗ್ಗದವರಿಗೆ ಊರು ನೆರವಾಗುವುದು ಹೇಗೆ?

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಊಟ ಅಂದರೆ ಜೋಳದ ರೊಟ್ಟಿ, ಇಲ್ಲವೇ ಅನ್ನ. ಗೋಧಿ ನಮ್ಮಲ್ಲಿ ಹಬ್ಬಕ್ಕೆ, ಹೋಳಿಗೆಗೆ, ಹುಗ್ಗಿಗೆ ಬರುತ್ತಿದ್ದ ಧಾನ್ಯ. ಈಗ ಹಾಗಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಡಬ್ಬಿಗೆ ಚಪಾತಿ, ಸಂಜೆ ಚಹಾದ ಜೊತೆ ಬಿಸ್ಕತ್ತು ಅಥವಾ ಟೋಸ್ಟು. ಒಂದೇ ದಿನದಲ್ಲಿ ಮೂರು ಸಲ ಗೋಧಿ ಹೊಟ್ಟೆಗೆ ಹೋಗುತ್ತದೆ. ಹೆಚ್ಚಿನವರಿಗೆ ಅದರಿಂದ ಏನೂ ತೊಂದರೆ ಇಲ್ಲ. ಆದರೆ ಕೆಲವರ ಕರುಳಿಗೆ ಅದೇ ಗೋಧಿ ಪೆಟ್ಟು ಕೊಡುತ್ತದೆ. ಆ ಕಾಯಿಲೆಯ ಹೆಸರು ಸೀಲಿಯಾಕ್.

ಗೋಧಿ, ಜವೆಗೋಧಿ (ಬಾರ್ಲಿ), ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಚಪಾತಿ ಹಿಟ್ಟು ಹರಿಯದೆ ಎಳೆದಂತೆ ಬರುವುದು ಇದರಿಂದಲೇ. ಸೀಲಿಯಾಕ್ ಇರುವವರು ಗ್ಲುಟೆನ್ ತಿಂದರೆ ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಸಣ್ಣ ಬೆರಳುಗಳಂಥ ಎಳೆಗಳಿರುತ್ತವೆ. ತಿಂದ ಅನ್ನದ ಸತ್ವವನ್ನು ಹೀರುವುದು ಅವೇ. ಅವು ಸವೆದು ಚಪ್ಪಟೆಯಾದರೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಇದು ಅಂಟುರೋಗ ಅಲ್ಲ. ವಂಶದಲ್ಲಿ ಬರುವ ಗುಣ ಇದರ ಹಿಂದೆ ಇರುತ್ತದೆ.

ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಸೀಲಿಯಾಕ್ ಇದೆ. ನಮ್ಮ ದೇಶದ ವಯಸ್ಕರ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತ ಪರೀಕ್ಷೆಯಲ್ಲಿ ಈ ಕಾಯಿಲೆಯ ಸುಳಿವು ಸಿಕ್ಕವರು ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು ಎಂದು ಕಂಡುಬಂತು; ಕಾಯಿಲೆ ಖಚಿತವಾದವರು ಅದಕ್ಕಿಂತ ಕಡಿಮೆ. ಕಡಿಮೆ ಅಲ್ವಾ ಅಂತ ಅನ್ನಿಸಬಹುದು. ಆದರೆ ಆ ಲೆಕ್ಕ ಹಿಡಿದರೂ ಗಂಗಾವತಿಯಂಥ ಲಕ್ಷ ಜನರ ಊರಿನಲ್ಲಿ ನೂರರ ಆಸುಪಾಸು ಮಂದಿಯ ರಕ್ತದಲ್ಲಿ ಈ ಸುಳಿವು ಇರಬಹುದು, ಅವರಲ್ಲಿ ಕೆಲವರಿಗೆ ಕಾಯಿಲೆಯೇ ಇರಬಹುದು. ಅವರ ಕಷ್ಟ ಸಣ್ಣದಲ್ಲ.

ಮೊದಲು ಅನುಮಾನ ಬರಬೇಕು

ನಮ್ಮ ಭಾಗದಲ್ಲಿ ದೊಡ್ಡ ತೊಡಕು ಇರುವುದು ಇಲ್ಲಿ. ಮಗು ಬೆಳೆಯುತ್ತಿಲ್ಲ, ಹೊಟ್ಟೆ ಉಬ್ಬಿದೆ, ಕೈಕಾಲು ಕಡ್ಡಿಯಂತಿವೆ ಅಂದರೆ ತಕ್ಷಣ ಬಾಯಿಗೆ ಬರುವ ಮಾತು ಅಪೌಷ್ಟಿಕತೆ, ಇಲ್ಲವೇ ಜಂತುಹುಳ. ಹೆಣ್ಣುಮಕ್ಕಳ ಮುಖ ಬಿಳಿಚಿಕೊಂಡಿದ್ದರೆ ರಕ್ತಹೀನತೆ, ಕಬ್ಬಿಣದ ಮಾತ್ರೆ. ಹೆಚ್ಚಿನ ಸಲ ಅದು ಸರಿಯೇ ಇರುತ್ತದೆ. ಆದರೆ ಮಾತ್ರೆ ನುಂಗಿ ತಿಂಗಳುಗಳಾದರೂ ಹಿಮೋಗ್ಲೋಬಿನ್ ಏರದಿದ್ದರೆ, ಜಂತಿನ ಔಷಧ ಕೊಟ್ಟು ಮೊಟ್ಟೆ, ಹಾಲು ತಿನ್ನಿಸಿದರೂ ತೂಕ ಹೆಚ್ಚದಿದ್ದರೆ ಅಲ್ಲಿಗೆ ನಿಲ್ಲಬಾರದು.

ಪದೇ ಪದೇ ಭೇದಿ, ಹೊಟ್ಟೆ ಉಬ್ಬರ, ಬಾಯಿ ಹುಣ್ಣು, ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು, ತಡವಾಗಿ ಮುಟ್ಟಾಗುವುದು, ಕಾರಣವಿಲ್ಲದೆ ಗರ್ಭ ನಿಲ್ಲದಿರುವುದು, ಎಲುಬು ಸವೆತ, ಮೊಣಕೈ-ಮೊಣಕಾಲಿನ ಮೇಲೆ ತುರಿಸುವ ಗುಳ್ಳೆ, ಇವೆಲ್ಲ ಸೀಲಿಯಾಕ್ ಇರುವವರಲ್ಲಿ ಕಾಣಿಸಬಹುದು. ಭೇದಿ ಇಲ್ಲವೇ ಇಲ್ಲ, ಬರೀ ರಕ್ತ ಕಡಿಮೆ ಅನ್ನುವವರೂ ಇದ್ದಾರೆ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಇಷ್ಟು ಗೊತ್ತಿದ್ದರೆ ಎಷ್ಟೋ ಮಕ್ಕಳು ವರ್ಷಗಟ್ಟಲೆ ನರಳುವುದು ತಪ್ಪುತ್ತದೆ.

ಗೋಧಿ ಬಿಡುವ ಮೊದಲು ಪರೀಕ್ಷೆ

ಈ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಅನುಮಾನ ಬಂದ ಕೂಡಲೇ ಸುಮ್ನೆ ಗೋಧಿ ಬಿಡಬೇಡಿ. ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಸಿಗದೇ ಹೋಗಬಹುದು. ಆಮೇಲೆ ವೈದ್ಯರ ನಿಗಾದಲ್ಲಿ ಮತ್ತೆ ಕೆಲವು ವಾರ ಗೋಧಿ ತಿಂದು ಪರೀಕ್ಷೆ ಮಾಡಿಸಬೇಕಾಗುತ್ತದೆ. ಗೋಧಿ ತಿಂದರೇ ನರಳುವವರಿಗೆ ಅದು ದೊಡ್ಡ ಹಿಂಸೆ.

ಮೊದಲು ಮಾಡುವುದು ರಕ್ತ ಪರೀಕ್ಷೆ. ಅದಕ್ಕೆ ಟಿಟಿಜಿ-ಐಜಿಎ ಅನ್ನುತ್ತಾರೆ. ಅದರ ಜೊತೆ ರಕ್ತದಲ್ಲಿರುವ ಐಜಿಎ ಎಂಬ ರಕ್ಷಣಾ ಪ್ರೋಟೀನಿನ ಒಟ್ಟು ಪ್ರಮಾಣವನ್ನೂ ನೋಡುತ್ತಾರೆ. ಟಿಟಿಜಿ-ಐಜಿಎ ಹೆಚ್ಚು ಬಂದರೆ ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಸಣ್ಣ ಕರುಳಿನ ಚೂರು ತೆಗೆದು ನೋಡುತ್ತಾರೆ. ಬಳ್ಳಾರಿಯಲ್ಲಿ ವಿಮ್ಸ್ ಎಂದೇ ಎಲ್ಲರೂ ಕರೆಯುವ ವೈದ್ಯಕೀಯ ಕಾಲೇಜು, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ. ಮಕ್ಕಳ ವೈದ್ಯರನ್ನೋ ಜನರಲ್ ಮೆಡಿಸಿನ್ ವೈದ್ಯರನ್ನೋ ಕಂಡು, "ಸೀಲಿಯಾಕ್ ಇರಬಹುದಾ, ಟಿಟಿಜಿ ಮಾಡಿಸಬೇಕಾ?" ಎಂದು ನೀವೇ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಹಳೆಯ ರಕ್ತ ಪರೀಕ್ಷೆಯ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗಿ. ಹಿಮೋಗ್ಲೋಬಿನ್ ಏರಿಲ್ಲ ಅನ್ನುವುದಕ್ಕೆ ಅವೇ ಸಾಕ್ಷಿ.

ಒಬ್ಬರಿಗೆ ಸೀಲಿಯಾಕ್ ಖಚಿತವಾದರೆ ತಂದೆ, ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳು ಎಲ್ಲರೂ ರಕ್ತ ಪರೀಕ್ಷೆ ಮಾಡಿಸಬೇಕು. ಇಷ್ಟು ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತರಲ್ಲಿ ಒಬ್ಬರಿಗೆ ಇರುವ ಸಾಧ್ಯತೆ ಇದೆ.

ಔಷಧ ಅಡುಗೆಮನೆಯಲ್ಲೇ ಇದೆ, ಆದರೆ ಗಿರಣಿ ನೋಡಿಕೊಳ್ಳಿ

ಇದಕ್ಕೆ ಗುಳಿಗೆ ಇಲ್ಲ. ಗ್ಲುಟೆನ್ ಅನ್ನು ಜೀವನಪೂರ್ತಿ ಬಿಡಬೇಕು. ಬಿಟ್ಟರೆ ಕರುಳು ಮತ್ತೆ ಚೇತರಿಸಿಕೊಳ್ಳುತ್ತದೆ. ಪಂಜಾಬಿನ ಮನೆಯಲ್ಲಿ ಈ ಮಾತು ಕೇಳಿದರೆ ಅಡುಗೆಯನ್ನೇ ಬದಲಿಸಬೇಕಾಗುತ್ತದೆ. ನಮ್ಮಲ್ಲಿ ಹಾಗಲ್ಲ. ಬಿಳಿಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ನುಚ್ಚು, ಅಂಬಲಿ, ನವಣೆ ಅನ್ನ, ಸಿಂಧನೂರು-ಕಾರಟಗಿ-ಸಿರುಗುಪ್ಪ ಕಡೆಯ ಅಕ್ಕಿ, ಬೇಳೆ, ಕಾಳು, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಮೊಟ್ಟೆ, ಮಾಂಸ, ಯಾವುದರಲ್ಲೂ ಗ್ಲುಟೆನ್ ಇಲ್ಲ. ದುಬಾರಿ ಪ್ಯಾಕೆಟ್ ತಿನಿಸಿಗೆ ದುಡ್ಡು ಹಾಕಲೇಬೇಕೆಂದಿಲ್ಲ. ಅಜ್ಜಿ ಉಣ್ಣುತ್ತಿದ್ದ ಊಟವೇ ಪಥ್ಯ. ಇದು ನಮ್ಮ ಭಾಗದ ದೊಡ್ಡ ಬಲ ಎಂದು ನಾನು ನಂಬುತ್ತೇನೆ.

ಹಾಗಾದರೆ ತೊಂದರೆ ಎಲ್ಲಿ? ಗಿರಣಿಯಲ್ಲಿ. ಮುಂದಿನ ಸಲ ಹೋದಾಗ ಹತ್ತಿರ ನಿಂತು ನೋಡಿ. ಮೇಲೆ ಕಾಳು ಸುರಿಯುವ ಬಾಯಿ, ಒಳಗೆ ಕಲ್ಲು, ಕೆಳಗೆ ಹಿಟ್ಟು ಇಳಿಯುವ ಬಟ್ಟೆಯ ಚೀಲ. ಆ ಬಟ್ಟೆಯ ಮಡಿಕೆಯಲ್ಲಿ ಹಿಂದಿನವರ ಹಿಟ್ಟು ಅಂಟಿಕೊಂಡೇ ಇರುತ್ತದೆ. ಗಿರಣಿಯವರು ಅದನ್ನು ಕೈಯಿಂದ ತಟ್ಟಿ ಬೀಳಿಸುತ್ತಾರೆ, ಅದು ಬಿದ್ದದ್ದು ನಿಮ್ಮ ಡಬ್ಬಿಗೇ. ನಿಮಗಿಂತ ಮೊದಲು ಬಂದವರು ಗೋಧಿ ಬೀಸಿಸಿದ್ದರೆ ನಿಮ್ಮ ಜೋಳದ ಹಿಟ್ಟಿಗೆ ಗೋಧಿ ಸೇರಿತು ಅಂತಲೇ ಲೆಕ್ಕ. ದಿನಕ್ಕೆ ಬರೀ 50 ಮಿಲಿಗ್ರಾಂ ಗ್ಲುಟೆನ್ ಕೆಲವು ತಿಂಗಳು ಹೊಟ್ಟೆಗೆ ಹೋದರೂ ಕರುಳಿಗೆ ಪೆಟ್ಟು ಬೀಳುತ್ತದೆ. ಒಂದು ಚಪಾತಿಯಲ್ಲಿ ಗ್ಲುಟೆನ್ ಇರುವುದು ಗ್ರಾಂ ಲೆಕ್ಕದಲ್ಲಿ. ಹಾಗಾಗಿ ಚಿಟಿಕೆ ಹಿಟ್ಟೂ ಜಾಸ್ತಿಯೇ.

ಎಲ್ಲಕ್ಕಿಂತ ಒಳ್ಳೆಯದು ಮನೆಯಲ್ಲೇ ಸಣ್ಣ ಗಿರಣಿಯಲ್ಲಿ ಬೀಸಿಕೊಳ್ಳುವುದು. ಅದು ಆಗದಿದ್ದರೆ ಗೋಧಿ ಹಾಕದ, ಜೋಳಕ್ಕೇ ಬೇರೆ ಯಂತ್ರ ಇಟ್ಟಿರುವ ಗಿರಣಿ ಹುಡುಕಿ. ಅದೂ ಸಿಗದಿದ್ದರೆ ಯಂತ್ರ ಮತ್ತು ಬಟ್ಟೆ ಚೊಕ್ಕ ಮಾಡಿಸಿ, ಮೊದಲು ಒಂದೆರಡು ಕಿಲೋ ಅಕ್ಕಿ ಬೀಸಿಸಿ, ಆ ಹಿಟ್ಟನ್ನು ಮನೆಯ ಉಳಿದವರಿಗೆ ಬಳಸಿ, ಆಮೇಲೆ ಜೋಳ ಹಾಕಿಸಿ. ಇದರಿಂದ ಬೆರಕೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಅನ್ನುವಂತಿಲ್ಲ. ಗಿರಣಿಯ ಅಣ್ಣನಿಗೆ ಮಗುವಿನ ವಿಷಯ ಬಿಡಿಸಿ ಹೇಳಿ. ಕಾರಣ ತಿಳಿದ ಮೇಲೆ ಇಂಥ ಕೆಲಸಕ್ಕೆ ಇಲ್ಲ ಅನ್ನುವವರು ಕಡಿಮೆ. ಜೋಳವನ್ನು ಬೀಸಿಸುವ ಮೊದಲು ಮೊರದಲ್ಲಿ ಕೇರಿ, ಕಾಳು ಆರಿಸುವುದನ್ನು ಬಿಡಬೇಡಿ.

ಮನೆಯಲ್ಲಿ ಜರಡಿ, ಲಟ್ಟಣಿಗೆ, ಮಣೆ, ಹಂಚು, ಹಿಟ್ಟಿನ ಡಬ್ಬಿ ಬೇರೆ ಇರಲಿ. ರೊಟ್ಟಿ ಮುರಿಯದಿರಲಿ ಅಂತ ಜೋಳದ ಹಿಟ್ಟಿಗೆ ಒಂದು ಹಿಡಿ ಗೋಧಿ ಹಿಟ್ಟು ಸೇರಿಸುವವರಿದ್ದಾರೆ, ಅದನ್ನು ಬಿಡಿ. ಬಿಸಿನೀರಿನ ಎಸರು ಸರಿಯಾಗಿದ್ದರೆ ರೊಟ್ಟಿ ಮುರಿಯುವುದಿಲ್ಲ.

ಅಡಗಿರುವ ಗೋಧಿಯ ಮೇಲೂ ಕಣ್ಣಿರಲಿ. ಅಂಗಡಿಯ ಇಂಗಿನಲ್ಲಿ ಮೈದಾ ಬೆರೆತಿರುವುದು ಸಾಮಾನ್ಯ. ರವೆ, ಶ್ಯಾವಿಗೆ, ಸೋಯಾ ಸಾಸ್, ಗೋಬಿ ಮಂಚೂರಿ, ಜವೆಗೋಧಿಯ ಮಾಲ್ಟ್ ಪುಡಿ, ಬಿಯರ್ ಇವೆಲ್ಲ ಬೇಡ. ಪ್ಯಾಕೆಟ್ ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದಿ. ಗ್ಲುಟೆನ್ ಇರುವ ಧಾನ್ಯ ಬಳಸಿದ್ದರೆ ಅದನ್ನು ಬರೆಯಬೇಕೆಂಬ ನಿಯಮವಿದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪ್ರಕಾರ ಗ್ಲುಟೆನ್ ಕಿಲೋಗೆ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಗ್ಲುಟೆನ್‌ಮುಕ್ತ ಎಂದು ಹಾಕಬಹುದು.

ಹೊಸಿಲು ದಾಟಿದ ಮೇಲೆ

ಬಳ್ಳಾರಿಯ ಒಗ್ಗರಣೆ-ಮಿರ್ಚಿ ನೋಡಿ. ಮಂಡಕ್ಕಿ ಅಕ್ಕಿಯದು, ಮಿರ್ಚಿಗೆ ಕಡಲೆ ಹಿಟ್ಟು. ಹೆಸರಿಗೆ ಎರಡೂ ಸುರಕ್ಷಿತ. ಆದರೆ ಅದೇ ಬಾಣಲೆಯಲ್ಲಿ ಪೂರಿ, ಸಮೋಸ ಕರಿದಿದ್ದರೆ ಆ ಮಿರ್ಚಿ ಬೇಡ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ರೊಟ್ಟಿಯೂ ಇರುತ್ತದೆ, ಗೋಧಿಯ ಮಾದಲಿಯೂ ಇರುತ್ತದೆ. ಅಂಥ ಕಡೆ ಮಾದಲಿಗೆ ಕೈಮುಗಿದು, ಮನೆಯ ರೊಟ್ಟಿ ಬುತ್ತಿ ಬಿಚ್ಚಿಕೊಂಡು ಅದೇ ಸಾಲಿನಲ್ಲಿ ಕುಳಿತು ಉಣ್ಣಬಹುದು. ಪಕ್ಕದವರು "ಪ್ರಸಾದ ಬ್ಯಾಡ ಅನಬಾರ್ದು" ಎಂದು ಒತ್ತಾಯ ಮಾಡದಿದ್ದರೆ ಅದೇ ದೊಡ್ಡ ಉಪಕಾರ.

ಮದುವೆ ಮನೆ, ಖಾನಾವಳಿ, ಹಾಸ್ಟೆಲಿಗೆ ಹೋಗುವಾಗ ಒಂದು ಚೀಟಿ ಜೇಬಿನಲ್ಲಿರಲಿ. ಹೀಗೆ ಬರೆಯಿರಿ: "ನನಗೆ ಗೋಧಿ, ಮೈದಾ, ರವೆ, ಶ್ಯಾವಿಗೆ, ಜವೆಗೋಧಿ ಸ್ವಲ್ಪವೂ ಆಗುವುದಿಲ್ಲ. ಇದು ಕರುಳಿನ ಕಾಯಿಲೆ. ಅನ್ನ, ಬೇಳೆ, ಪಲ್ಯ, ಮೊಸರು ಆಗುತ್ತದೆ. ಪ್ಯಾಕೆಟ್ ಇಂಗು ಹಾಕಿದ್ದರೆ ದಯವಿಟ್ಟು ಹೇಳಿ. ಚಪಾತಿ ಮುಟ್ಟಿದ ಕೈಯಿಂದ, ಚಮಚದಿಂದ ಬಡಿಸಬೇಡಿ." ಬಾಯಲ್ಲಿ ಹೇಳಿದ್ದು ಅಡುಗೆಯವರ ತನಕ ಹೋಗುವಷ್ಟರಲ್ಲಿ ಬದಲಾಗುತ್ತದೆ, ಚೀಟಿ ಬದಲಾಗುವುದಿಲ್ಲ.

ಮಗುವಿದ್ದರೆ ವರ್ಷದ ಆರಂಭದಲ್ಲೇ ವೈದ್ಯರ ಪತ್ರದ ನಕಲನ್ನು ಶಾಲೆಗೆ, ಅಂಗನವಾಡಿಗೆ ಕೊಡಿ. ಬಿಸಿಯೂಟದ ಅಡುಗೆ ಅಕ್ಕನನ್ನು ನೇರವಾಗಿ ಮಾತನಾಡಿಸಿ. ಅನ್ನ-ಸಾಂಬಾರಿನ ದಿನ ಸಾಂಬಾರಿಗೆ ಹಾಕುವ ಪುಡಿ, ಇಂಗು ಯಾವುದು ಎಂದು ಕೇಳಿ. ಗೋಧಿ ಉಪ್ಪಿಟ್ಟು ಮಾಡುವ ದಿನ ಯಾವುದೆಂದು ಮೊದಲೇ ತಿಳಿದರೆ ಅಂದು ಡಬ್ಬಿ ಕಳಿಸಬಹುದು. ಹುಟ್ಟುಹಬ್ಬಕ್ಕೆ ಯಾರೋ ಕೇಕ್, ಬಿಸ್ಕತ್ತು ಹಂಚುತ್ತಾರೆ. ಟೀಚರ್ ಬಳಿ ಒಂದು ಡಬ್ಬಿ ಶೇಂಗಾ ಉಂಡಿ ಇಟ್ಟಿದ್ದರೆ ಮಗು ಬರಿಗೈಲಿ ಕೂರಬೇಕಾಗಿಲ್ಲ.

ನೆಂಟರಿಗೆ, ಗೆಳೆಯರಿಗೆ ಒಂದು ಕೋರಿಕೆ

"ಒಂದ್ ತುತ್ತು ತಿಂದ್ರ ಏನಾಗ್ತೈತ್ರಿ?" ಈ ಮಾತನ್ನು ಪ್ರೀತಿಯಿಂದಲೇ ಆಡುತ್ತೀರಿ. ಆದರೆ ಆ ತುತ್ತಿನ ಪೆಟ್ಟು ಹೊರಗೆ ಕಾಣುವುದಿಲ್ಲ, ಒಳಗೆ ಕರುಳು ಸವೆಯುತ್ತದೆ. ಪ್ರೀತಿ ಇದ್ದರೆ ಯುಗಾದಿಗೆ ಅವರಿಗಾಗಿ ಅಕ್ಕಿ ಪಾಯಸ ಮಾಡಿ. ಹೊಸ ಪಾತ್ರೆಯಲ್ಲಿ, ಹೋಳಿಗೆಗೆ ಕೈ ಹಾಕುವ ಮೊದಲೇ.

ಹೆಣ್ಣುಮಗಳಿಗೆ ಸೀಲಿಯಾಕ್ ಅಂದರೆ ಮದುವೆಗೆ ಅಡ್ಡಿ ಎಂದು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟರೆ ಆಕೆ ಅತ್ತೆಮನೆಯಲ್ಲಿ ಬಾಯಿ ಬಿಡಲಾಗದೆ ಚಪಾತಿ ತಿನ್ನುತ್ತಾಳೆ, ಕಾಯಿಲೆ ಮರಳುತ್ತದೆ. ಪಥ್ಯ ಪಾಲಿಸಿದರೆ ದುಡಿಮೆ, ಬಸಿರು, ಬಾಣಂತನ ಎಲ್ಲವೂ ಉಳಿದವರಂತೆಯೇ. ನಿಶ್ಚಯದ ಮೊದಲೇ ತಲೆ ಎತ್ತಿ ಹೇಳಿ.

ಇನ್ನೊಂದು ಕೆಲಸ ಊರಿನವರು ಮಾಡಬಹುದು. ಮೇ 16 ಅಂತರರಾಷ್ಟ್ರೀಯ ಸೀಲಿಯಾಕ್ ದಿನ. ಆ ವಾರ ಸ್ತ್ರೀಶಕ್ತಿ ಸಂಘದ ಸಭೆಯಲ್ಲೋ ಪಂಚಾಯಿತಿಯಲ್ಲೋ ವೈದ್ಯರೊಬ್ಬರನ್ನು ಕರೆಸಿ ಅರ್ಧ ಗಂಟೆ ಮಾತಾಡಿಸಿ. ಗಿರಣಿಯವರನ್ನು, ಬಿಸಿಯೂಟದ ಸಿಬ್ಬಂದಿಯನ್ನು ಮುಂದಿನ ಸಾಲಿಗೆ ಕರೆಯಿರಿ. ನಿಮ್ಮ ಮನೆಯಲ್ಲೇ ಈ ಕಾಯಿಲೆ ಇದ್ದರೆ, ಹೊಸದಾಗಿ ಪತ್ತೆಯಾದವರಿಗೆ ನನ್ನ ನಂಬರ್ ಕೊಡಿ ಎಂದು ನಿಮ್ಮ ವೈದ್ಯರಿಗೆ ಹೇಳಿಡಿ. ನಾಲ್ಕು ಮನೆ ಸೇರಿದರೆ ಯಾವ ಗಿರಣಿ ಚೊಕ್ಕ, ಯಾವ ಇಂಗಿನಲ್ಲಿ ಮೈದಾ ಇಲ್ಲ, ಯಾವ ಖಾನಾವಳಿಯಲ್ಲಿ ಮಾತು ಕೇಳುತ್ತಾರೆ ಅನ್ನುವುದು ವಾಟ್ಸ್‌ಆ್ಯಪ್‌ನಲ್ಲೇ ತಿಳಿಯುತ್ತದೆ. ಹಿಟ್ಟು ಬೀಸಿಸುವ ದಿನವನ್ನೂ ಒಟ್ಟಿಗೆ ಗೊತ್ತು ಮಾಡಿಕೊಳ್ಳಬಹುದು. ನಾಲ್ಕು ಮನೆಯ ಜೋಳಕ್ಕಾದರೆ ಗಿರಣಿಯವರೂ ಯಂತ್ರ ತೊಳೆದು ಕೊಡಲು ಒಪ್ಪುತ್ತಾರೆ.